ಮೇಲಿನಿಂದ ಸುರಿದ ನೀರು

ಹುಣಸೆಹಣ್ಣಿನ ಯೋಚನೆ ನನ್ನದೇ. ಇದನ್ನು ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹಿಂದೂಪುರದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮತ್ತು ಕಲ್ಯಾಣದುರ್ಗದ ಇನ್ನೊಂದರಲ್ಲಿ ನಮ್ಮ ಸಂಶೋಧನೆ ನಡೆಯುತ್ತಿತ್ತು. ಕೆಲಸ ಎರಡು ಪಾಲು. ಮರೆವಿನ ಕಾಯಿಲೆ ಈಗಾಗಲೇ ಹಿಡಿದವರ ದಿನಗಳು ಸ್ವಲ್ಪ ಹಿತವಾಗಿ ಕಳೆಯಲು ಏನು ಮಾಡಬಹುದು ಎಂದು ನೋಡುವುದು ಒಂದು. ನೆನಪು ಇನ್ನೂ ಗಟ್ಟಿಯಾಗಿರುವವರಿಗೆ ಆ ಕಾಯಿಲೆ ಬರುವುದನ್ನು ತಡೆಯಲು, ಕೊನೆಗೆ ಮುಂದೂಡಲಾದರೂ ಆಗುತ್ತದೆಯೇ ಎಂದು ನೋಡುವುದು ಇನ್ನೊಂದು. ಅದಕ್ಕೆ ಬಿಪಿ, ಸಕ್ಕರೆ ಹತೋಟಿಯಲ್ಲಿಡಬೇಕು, ಕಿವಿ ಪರೀಕ್ಷಿಸಬೇಕು, ದಿನಾ ನಡೆಸಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಒಂಟಿಯಾಗಿ ಮೂಲೆ ಸೇರಲು ಬಿಡದೆ ನಾಲ್ಕು ಜನರ ನಡುವೆ ಕೂರಿಸಿ ಕೈಗೂ ತಲೆಗೂ ಕೆಲಸ ಕೊಡಬೇಕು. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಆ ಕೆಲಸ ಕೊಡುವವಳು. ಲೇಪಾಕ್ಷಿಯಿಂದ ಬೆಳಗಿನ ಬಸ್ಸಿಗೆ ಹಿಂದೂಪುರಕ್ಕೆ ಬಂದು ಸಂಜೆ ಹಿಂತಿರುಗುತ್ತಿದ್ದೆ.

ಸಂಸ್ಥೆ ನಮಗೆ ಕಳಿಸಿದ್ದ ಚಟುವಟಿಕೆ ಪೆಟ್ಟಿಗೆಯಲ್ಲಿ ಬಣ್ಣದ ಪ್ಲಾಸ್ಟಿಕ್ ತುಂಡುಗಳು, ದೊಡ್ಡ ಮಣಿಗಳು, ಜೋಡಿಸುವ ಚಿತ್ರಗಳಿದ್ದವು. ಅಜ್ಜಿಯರು ಅವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತರು. “ನಮ್ಮನ್ನೇನು ಅಂಗನವಾಡಿಗೆ ಸೇರ್ಸಿದ್ದೀಯೇನಮ್ಮಾ?” ಎಂದು ಒಬ್ಬರು ಕೇಳಿಯೂ ಬಿಟ್ಟರು. ಹಾಗೆ ಕೇಳಿದವರು ಬೆಳುಗುಪ್ಪದ ಅಜ್ಜಿ.

ಬೆಳುಗುಪ್ಪ ಅವರ ತವರು. ಮದುವೆಯಾಗಿ ಹಿಂದೂಪುರಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿ ಮಗಳನ್ನು ನರ್ಸ್ ಓದಿಸಿದವರು. ನೆನಪು ಗಟ್ಟಿಯಾಗಿದ್ದದ್ದರಿಂದ ಅವರು ನಮ್ಮ ಎರಡನೇ ಪಾಲಿನಲ್ಲಿದ್ದರು, ಕಾಯಿಲೆ ತಡೆಯುವ ಗುಂಪಿನಲ್ಲಿ. ಬೆಳಿಗ್ಗೆ ಎದ್ದರೆ ಗೇಟು ದಾಟಿ ಎದುರಿನ ಪೆಟ್ಟಿಗೆ ಅಂಗಡಿಯಿಂದ ಎಲೆ ಅಡಿಕೆ ತಂದುಕೊಳ್ಳುವುದು ಅವರ ನೇಮ. ಎಲೆ ಅಡಿಕೆ ಒಂದು ನೆಪ. ಬೀದಿಯ ಸುದ್ದಿಯನ್ನೆಲ್ಲ ಮಡಿಲು ತುಂಬಿಕೊಂಡು ಬಂದು, ಬಾಯಿ ಕೆಂಪಾಗುವ ತನಕ ಹಂಚುತ್ತಿದ್ದರು. ಅವರು ಬಾಯಿ ತೆರೆದರೆ ಹಜಾರದಲ್ಲಿ ಜೀವ ಬರುತ್ತಿತ್ತು.

ಹಜಾರದ ಹಿಂದೆ ಇನ್ನೊಂದು ಭಾಗವಿತ್ತು. ಮರೆವು ಹೆಚ್ಚಾಗಿ, ದಾರಿ ತಪ್ಪಿ ಹೋಗುವವರನ್ನು ಅಲ್ಲಿಡುತ್ತಿದ್ದರು. ಅದರ ಬಾಗಿಲಿಗೆ ಸದಾ ಬೀಗ. ಮುಂದಿನವರೆಲ್ಲ ಅದನ್ನು ‘ಹಿಂದೆ’ ಎಂದಷ್ಟೇ ಕರೆಯುತ್ತಿದ್ದರು, ಅದೂ ದನಿ ತಗ್ಗಿಸಿ.

ಮಂಡಿ ಅಮ್ಮ ಇದ್ದದ್ದು ಹಿಂದೆ. ದೊಡ್ಡ ಹುಣಸೆ ವ್ಯಾಪಾರಿಯ ಹೆಂಡತಿ, ಗಂಡ ಹೋದ ಮೇಲೂ ಮಂಡಿಯನ್ನು ತಾವೇ ನಡೆಸಿದವರು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಸೀರೆ. ಆದರೆ ಮಧ್ಯಾಹ್ನವಾಯಿತೆಂದರೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಸೊಂಟದಲ್ಲಿ ಇಲ್ಲದ ಬೀಗದ ಕೈ ಹುಡುಕುವುದು, ಗೋಡೆಯಿಂದ ಗೋಡೆಗೆ ಓಡಾಡುವುದು, ತಡೆಯಲು ಹೋದ ಆಯಾಗಳಿಗೆ ಹೊಡೆಯುವುದು. ಮಗ ಬಂದರೆ ಅವನನ್ನೂ ಯಾರೆಂದು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಮಾರುಕಟ್ಟೆ ಬೀದಿಯಲ್ಲಿ ಬಸ್ಸು ನಿಂತಾಗ ಹೊಸ ಹುಣಸೆಯ ವಾಸನೆ ಮೂಗಿಗೆ ಬಡಿಯಿತು. ನಮ್ಮ ಅಜ್ಜನದೂ ಸಣ್ಣ ಹುಣಸೆ ವ್ಯಾಪಾರವೇ. ಲೇಪಾಕ್ಷಿಯ ನಮ್ಮ ಮನೆ ಅಂಗಳದಲ್ಲಿ ಬೇಸಿಗೆ ಪೂರ್ತಿ ಹೆಂಗಸರು ಕೂತು ಹಣ್ಣು ಬಿಡಿಸುತ್ತಿದ್ದರು, ಮಾತಾಡುತ್ತ, ನಗುತ್ತ. ಆ ವಾಸನೆಯಲ್ಲಿ ನನಗೆ ಆ ನಗುವೇ ಕೇಳಿಸಿತು. ಪ್ಲಾಸ್ಟಿಕ್ ತುಂಡು ಯಾಕೆ, ಈ ಊರಿನ ಕೈಗಳಿಗೆ ಈ ಊರಿನ ಕೆಲಸವನ್ನೇ ಕೊಡೋಣ ಎಂದುಕೊಂಡೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮುಖ್ಯ ಸಂಶೋಧಕರು ಫೋನಿನಲ್ಲೇ ಒಪ್ಪಿದರು. ಸಿಪ್ಪೆ ಒಡೆದ ಹಣ್ಣನ್ನಷ್ಟೇ ತರುವುದು. ಕುಟ್ಟುವ ಕೋಲು, ಕಲ್ಲು ಬೇಡ, ಬರಿಗೈಯಲ್ಲಿ ನಾರು ಸುಲಿದು ಬೀಜ ತೆಗೆಯುವುದು. ಶುರು ಮಾಡುವ ಮೊದಲು ಪ್ರತಿಯೊಬ್ಬರ ಬೆರಳು ನೋಡುವುದು, ಬಿರುಕಿದ್ದರೆ ಹುಳಿ ಉರಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ತೆಳು ಕೈಗವಸು. ದುಂಡು ಮೇಜು, ಸುತ್ತ ಕೈಯಿರುವ ಕುರ್ಚಿಗಳು. ನೆನಪಿರುವವರು, ಇಲ್ಲದವರು ಜೊತೆಗೆ ಕೂತರೆ ಇಬ್ಬರಿಗೂ ಒಳ್ಳೆಯದು ಎಂಬುದು ನಮ್ಮ ಲೆಕ್ಕಾಚಾರ. ನಾನು ಪಕ್ಕದಲ್ಲಿ ನಿಂತು ಗಮನಿಸುವುದು: ಯಾರು ಯಾರನ್ನು ನೋಡಿದರು, ಯಾರು ತಾವಾಗಿ ಮಾತಾಡಿದರು, ಯಾರು ಇನ್ನೊಬ್ಬರಿಗೆ ಏನಾದರೂ ಕೊಟ್ಟರು, ಯಾರು ರೇಗಿದರು. ಇವಕ್ಕೆಲ್ಲ ಅಂಕ ಉಂಟು. ಮೂಲೆಯಲ್ಲಿ ಮೊಬೈಲ್ ನಿಲ್ಲಿಸಿ ವಿಡಿಯೋ ಕೂಡ ಮಾಡುತ್ತಿದ್ದೆ.

ಮೊದಲ ದಿನ ಮಂಡಿ ಅಮ್ಮನನ್ನು ಹಿಂದಿನಿಂದ ಕರೆತಂದು ಕೂರಿಸಿದೆವು. ಮೇಜಿನ ಮೇಲೆ ಹಣ್ಣು ಸುರಿದದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು. ಒಂದು ತೊಳೆ ಎತ್ತಿ ಮೂಸಿದರು, ಉಗುರಿನಲ್ಲಿ ಒತ್ತಿದರು. “ಇದು ಹೋದ್ ವರ್ಸದ ಮಾಲು. ಯಾರು ತಂದಿದ್ದು?” ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿಯೇ ಇರಲಿಲ್ಲ. ನನ್ನ ಕಣ್ಣು ತುಂಬಿ ಬಂತು.

ಆಮೇಲೆ ಅವರು ಸುತ್ತಲಿನ ಕೈಗಳನ್ನು ನೋಡುತ್ತ ಹೋದರು. ಬೆಳುಗುಪ್ಪದ ಅಜ್ಜಿಯ ಬೆರಳು ಎಲ್ಲರಿಗಿಂತ ಚುರುಕಾಗಿ ಓಡುತ್ತಿತ್ತು. ಅದರ ಮೇಲೆ ಅವರ ಕಣ್ಣು ನಿಂತಿತು. ಅಲ್ಲಿಂದ ಮುಂದೆ ಮಂಡಿ ಅಮ್ಮ ಹಣ್ಣು ಮುಟ್ಟಲಿಲ್ಲ. ಕೆಲಸ ಮಾಡಿಸಿದರು. “ನಾರು ಬಿಡಬ್ಯಾಡ. ಏಯ್, ತ್ವರಗಾ ಕಾನಿಯ್ಯಿ, ಲಾರಿ ಬರ್ತದೆ,” ಎಂದು ತೆಲುಗು ಕನ್ನಡ ಬೆರೆಸಿ ಬೆಳುಗುಪ್ಪದ ಅಜ್ಜಿಯನ್ನು ಅವಸರಪಡಿಸಿದರು. ಕೆಲವೇ ದಿನಗಳಲ್ಲಿ ಮಧ್ಯಾಹ್ನದ ಓಡಾಟ ನಿಂತಿತು. ಹೊಡೆಯುವುದು ನಿಂತಿತು. ಊಟ ಸೇರಿತು. ಒಂದು ಭಾನುವಾರ ಮಗನ ಹೆಸರು ಹಿಡಿದು ಕೂಗಿದರಂತೆ. ಅವನು ನನ್ನ ಮುಂದೆ ಕೈ ಜೋಡಿಸಿ, “ನಮ್ಮಮ್ಮ ವಾಪಸ್ ಬಂದ್ಬುಟ್ಲು ಮೇಡಂ,” ಎಂದು ಅತ್ತುಬಿಟ್ಟ.

ಅಂಕಗಳು ಏರುತ್ತ ಹೋದವು. ಕಲ್ಯಾಣದುರ್ಗದಲ್ಲೂ ಇದನ್ನೇ ಶುರು ಮಾಡೋಣ, ಅಲ್ಲಿನ ಸಿಬ್ಬಂದಿಗೆ ವಿಡಿಯೋ ತೋರಿಸಿ ತರಬೇತಿ ಕೊಡಿ ಎಂದು ಮುಖ್ಯ ಸಂಶೋಧಕರು ಹೇಳಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಇದೇ ಹೊತ್ತಿಗೆ ಬೆಳುಗುಪ್ಪದ ಅಜ್ಜಿ ಕುಸಿಯತೊಡಗಿದ್ದರು. ಮೊದಲು ಮಾತು ಕಡಿಮೆಯಾಯಿತು. ಆಮೇಲೆ ಎಲೆ ಅಡಿಕೆಗೆ ಹೋಗುವುದು ನಿಂತಿತು. ಬೆಳಿಗ್ಗೆ ಎಬ್ಬಿಸಿದರೂ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ನೆನಪಿನ ಪರೀಕ್ಷೆಯಲ್ಲಿ, ಮೊದಲು ಸಲೀಸಾಗಿ ಹೇಳುತ್ತಿದ್ದ ಪ್ರಶ್ನೆಗಳಿಗೂ “ಗೊತ್ತಿಲ್ಲ ಕಣಮ್ಮ” ಎಂಬ ಒಂದೇ ಉತ್ತರ. ನಾವು ಪಾಠದಲ್ಲಿರುವುದನ್ನೆಲ್ಲ ಮಾಡಿದೆವು. ಕಿವಿ ಪರೀಕ್ಷಿಸಿದೆವು, ಚೆನ್ನಾಗಿತ್ತು. ಥೈರಾಯ್ಡ್, ಬಿ ಹನ್ನೆರಡು, ಮೂತ್ರದ ಸೋಂಕು, ಎಲ್ಲ ನೋಡಿಸಿದೆವು, ಏನೂ ಇರಲಿಲ್ಲ. ಮನಸ್ಸಿಗೆ ಬೇಸರವಿದೆಯೇ ಎಂದು ಪ್ರಶ್ನಾವಳಿ ಹಿಡಿದು ಕೇಳಿದೆ. “ಎಲ್ಲಾ ಚೆನ್ನಾಗೈತೆ,” ಎಂದರು, ನನ್ನ ಮುಖ ನೋಡದೆ. ಕಾಯಿಲೆ ಶುರುವಾಗಿದೆ, ವೇಗವಾಗಿ ಹೋಗುತ್ತಿದೆ ಎಂದು ನಾನು ತೀರ್ಮಾನಿಸಿದೆ. ಹಿಂದಿನ ಭಾಗಕ್ಕೆ ಸ್ಥಳಾಂತರಿಸಲು ಶಿಫಾರಸು ಮಾಡಿದವಳೂ ನಾನೇ. ಮಗಳು ಬಂದು ಸಹಿ ಹಾಕುವುದಷ್ಟೇ ಬಾಕಿ ಇತ್ತು.

ಕಲ್ಯಾಣದುರ್ಗಕ್ಕೆ ಹೊರಡುವ ಹಿಂದಿನ ದಿನ ಅವರ ಮಂಚದ ಹತ್ತಿರ ಹೋದಾಗ, “ನನ್ನ ಹಿಂದಕ್ಕಾಕ್ತೀರಂತೆ?” ಎಂದು ಕೇಳಿದರು. ಅಲ್ಲಿ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದೆ. “ಅಲ್ಲಿಂದ ಅಂಗ್ಡಿ ಕಾಣಕ್ಕಿಲ್ಲ,” ಎಂದರು. ಅಷ್ಟೇ. ನಾನು ಅವರ ಹೊದಿಕೆ ಸರಿಮಾಡಿ ಎದ್ದು ಬಂದೆ.

ಕಲ್ಯಾಣದುರ್ಗದ ಕೇಂದ್ರದಲ್ಲಿ ಹಜಾರದ ಗೋಡೆಗೆ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದರು. ತರಬೇತಿ ಸಿಬ್ಬಂದಿಗೆ. ಆದರೆ ಸಿನಿಮಾ ತೋರಿಸುತ್ತಾರಂತೆ ಎಂದು ಅಲ್ಲಿನ ಅಜ್ಜ ಅಜ್ಜಿಯರೂ ಬಂದು ಕೂತರು. ನಾನು ಮಂಡಿ ಅಮ್ಮನ ಮೊದಲಿನ ಸ್ಥಿತಿ ವಿವರಿಸಿ, ಹದಕ್ಕೆ ಬಂದ ಮೇಲಿನ ಒಂದು ದಿನದ ವಿಡಿಯೋ ಹಾಕಿದೆ. ಹಣ್ಣು ಬಿಡಿಸಿ ಮುಗಿದ ಮೇಲೆ ಮಂಡಿ ಅಮ್ಮ ಎದ್ದು, ತಾವಾಗಿಯೇ ಸ್ಟೀಲ್ ಚೊಂಬಿನಲ್ಲಿ ನೀರು ತರುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ಲೋಟದಲ್ಲಿ ಕೊಡುತ್ತಾರೆ. ಬೆಳುಗುಪ್ಪದ ಅಜ್ಜಿಯ ಬಳಿ ಬಂದು, ಚೊಂಬು ಎತ್ತಿ ಹಿಡಿದು, ಮೇಲಿನಿಂದ ಸುರಿಯುತ್ತಾರೆ. ಅಜ್ಜಿ ಬೊಗಸೆಯೊಡ್ಡಿ ಕುಡಿಯುತ್ತಾರೆ.

ಅಲ್ಲಿಗೆ ಸರಿಯಾಗಿ ನಾನು ವಿಡಿಯೋ ನಿಲ್ಲಿಸಿದೆ. “ಇದನ್ನು ಗಮನಿಸಿ,” ಎಂದೆ. “ತಾನಾಗಿ ಎದ್ದು ಇನ್ನೊಬ್ಬರಿಗೆ ನೀರು ಕೊಡುವುದು. ಇದಕ್ಕೆ ಪೂರ್ತಿ ಅಂಕ.”

ಆಯಾಗಳು ತಲೆ ತಗ್ಗಿಸಿದರು. ಮಗ್ಗದಲ್ಲಿ ಕೂತು ಕೂತು ಬೆನ್ನು ಬಾಗಿದ್ದ ಒಬ್ಬ ಅಜ್ಜ ಮುಂದೆ ಬಾಗಿ ಪರದೆಯನ್ನೇ ನೋಡುತ್ತಿದ್ದರು.

“ಅಲ್ಲಮ್ಮಾ, ಎಲ್ರಿಗೂ ಕುರ್ಚಿ ಹಾಕಿದ್ದೀರ,” ಎಂದರು. “ಆಯಮ್ಮ ಯಾಕೆ ನೆಲದ್ ಮ್ಯಾಲೆ ಕೂತವ್ಳೆ?”

“ಅವರಿಗೆ ಕೆಳಗೆ ಕೂತರೇ ಹಿತ ತಾತಾ,” ಎಂದೆ.

“ಅಂಗಂತ ಆಯಮ್ಮ ಹೇಳಿದ್ಲಾ?”

ನಾನು ಪರದೆಯ ಕಡೆ ತಿರುಗಿದೆ. ಗೋಡೆಯ ಮೇಲೆ ಆ ಚಿತ್ರ ಹಾಗೆಯೇ ನಿಂತಿತ್ತು: ಎತ್ತಿದ ಚೊಂಬು, ಗಾಳಿಯಲ್ಲಿ ನಿಂತ ನೀರು, ಕೆಳಗೆ ಒಡ್ಡಿದ ಎರಡು ಕೈ. ಎಷ್ಟು ಸಲ ನೋಡಿದ್ದೆ ಅದನ್ನು. ಆ ಕ್ಷಣದಲ್ಲಿ ಮೊದಲ ಸಲ ಕಂಡಿತು. ಅಷ್ಟು ಜನರ ಮುಂದೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಪ್ರೊಜೆಕ್ಟರಿನ ತಂತಿ ಕಿತ್ತೆ. ಸಿಬ್ಬಂದಿಗೆ ಏನೇನೋ ಹೇಳಿ ಮುಗಿಸಿದೆ.

ಹಿಂದೂಪುರದ ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿದ್ದ ಮೊದಲ ದಿನದ ವಿಡಿಯೋ ತೆರೆದೆ. ಬೆಳುಗುಪ್ಪದ ಅಜ್ಜಿ ಮೊದಲು ಕುರ್ಚಿಯಲ್ಲೇ ಕೂತಿದ್ದರು. ಮಂಡಿ ಅಮ್ಮ ಅವರ ಬೆರಳುಗಳನ್ನು ನೋಡಿ, “ಏನೇ, ನನ್ನ ಸಮಕ್ಕೆ ಕೂತಿದ್ದೀಯ? ಕೆಳಕ್ಕಿಳಿ,” ಎನ್ನುತ್ತಾರೆ. ಬೆಳುಗುಪ್ಪದ ಅಜ್ಜಿ ಇಳಿಯುವುದಿಲ್ಲ. ತಿರುಗಿ ಕ್ಯಾಮೆರಾ ಕಡೆ ನೋಡುತ್ತಾರೆ. ಕ್ಯಾಮೆರಾದ ಪಕ್ಕ ನಿಂತಿದ್ದವಳು ನಾನು. ಆಗ ನನ್ನ ದನಿ ಕೇಳಿಸುತ್ತದೆ, ಉತ್ಸಾಹದ ದನಿ: “ಪರವಾಗಿಲ್ಲ ಅಜ್ಜಿ, ಎಲ್ಲಿ ಬೇಕಾದರೂ ಕೂತ್ಕೊಳ್ಳಿ.” ಅವರು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಇಳಿಯುತ್ತಾರೆ.

ಇದು ನನ್ನ ಕಣ್ಣಿಗೆ ಬೀಳದೆ ಹೋದದ್ದು ಹೇಗೆ ಎಂದು ಕೇಳಿಕೊಳ್ಳುವ ಅಗತ್ಯವೂ ಇರಲಿಲ್ಲ. ನಮ್ಮ ಅಂಗಳದಲ್ಲಿ ಹಣ್ಣು ಬಿಡಿಸುವವರು ಕೂರುತ್ತಿದ್ದದ್ದು ನೆಲದ ಮೇಲೆಯೇ. ನಮ್ಮಜ್ಜಿ ಜಗಲಿಯ ಮೇಲೆ. ಜಗಲಿಯ ಕಂಬದ ಹತ್ತಿರ ಆ ಹೆಂಗಸರಿಗೆಂದೇ ಬೇರೆ ಇಟ್ಟಿದ್ದ ಒಂದು ಚೊಂಬಿತ್ತು. ಅಜ್ಜಿ ಅದರಿಂದ ಸುರಿಯುತ್ತಿದ್ದಳು, ಹೆಂಗಸರು ಬೊಗಸೆಯೊಡ್ಡುತ್ತಿದ್ದರು. ಅದು ನನಗೆ ಹುಣಸೆಯ ವಾಸನೆಯಷ್ಟೇ ಸಹಜವಾಗಿತ್ತು. ಬೇರೆ ಸೀಮೆಯಿಂದ ಬಂದವರು ಯಾರಾದರೂ ಆ ಕ್ಯಾಮೆರಾದ ಪಕ್ಕ ನಿಂತಿದ್ದರೆ ಮೊದಲ ದಿನವೇ ತಡೆಯುತ್ತಿದ್ದರೇನೋ. ಊರಿನ ಕೆಲಸ ಊರಿನ ಕೈಗೆ ಎಂದು ಬೀಗಿದವಳು ನಾನು. ಆ ಕೆಲಸದ ಜೊತೆ ಊರು ಪೂರ್ತಿ ಬಂದು ಮೇಜಿನ ಸುತ್ತ ಕೂತಿತ್ತು.

ಬಸ್ಸಿನಿಂದಲೇ ಕೇಂದ್ರದ ಮೇಲ್ವಿಚಾರಕಿಗೆ ಫೋನ್ ಮಾಡಿ, ಅಜ್ಜಿಯನ್ನು ಎಲ್ಲಿಗೂ ಕಳಿಸಬೇಡಿ, ಮಗಳಿಂದ ಸಹಿ ಹಾಕಿಸಬೇಡಿ, ಹುಣಸೆಯ ಕೂಟ ನಾಳೆಯಿಂದ ಇಲ್ಲ ಎಂದೆ. ಆಮೇಲೆ ಮುಖ್ಯ ಸಂಶೋಧಕರಿಗೆ. ಅವರು ಕೆಟ್ಟವರಲ್ಲ. ಎಲ್ಲ ಕೇಳಿಸಿಕೊಂಡು, “ಆದರೆ ಆಯಮ್ಮ ಸುಧಾರಿಸಿದ್ದು ನಿಜ ತಾನೇ? ಅಂಕ ಸುಳ್ಳಲ್ಲವಲ್ಲ,” ಎಂದರು.

“ಸುಳ್ಳಲ್ಲ ಸರ್. ಒಬ್ಬರನ್ನು ಕೆಳಗೆ ಇಳಿಸಿದ್ದಕ್ಕೆ ಇನ್ನೊಬ್ಬರು ಎದ್ದು ಕೂತರು. ಅದನ್ನು ಚಿಕಿತ್ಸೆ ಅಂತ ಬರೆಯೋಕೆ ನನ್ನಿಂದ ಆಗಲ್ಲ.”

ಕೊನೆಗೆ ಅವರೇ, ಪ್ರತಿಕೂಲ ಘಟನೆ ಎಂದು ನೈತಿಕ ಸಮಿತಿಗೆ ವರದಿ ಕೊಡೋಣ, ಆ ಕೂಟಗಳ ಅಂಕಗಳನ್ನು ಫಲಿತಾಂಶದಲ್ಲಿ ಸೇರಿಸುವುದು ಬೇಡ ಎಂದರು. ಪ್ರತಿಕೂಲ ಘಟನೆ ಎಂದರೆ ಸಾಮಾನ್ಯವಾಗಿ ಬಿದ್ದು ಕಾಲು ಮುರಿಯುವುದು, ಮಾತ್ರೆ ಒಗ್ಗದಿರುವುದು. ‘ಏನಾಯಿತು’ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ತೋಚದೆ, ನಡೆದದ್ದನ್ನು ನಡೆದ ಹಾಗೆಯೇ ಬರೆದು ಕೆಳಗೆ ನನ್ನ ಹೆಸರು ಹಾಕಿದೆ.

ಮಾರನೆಯ ದಿನ ಬೆಳುಗುಪ್ಪದ ಅಜ್ಜಿಯ ಮಂಚದ ಪಕ್ಕ ಕೂತೆ. ನಿಮ್ಮನ್ನು ಹಿಂದಕ್ಕೆ ಹಾಕುವುದಿಲ್ಲ, ಹುಣಸೆಯ ಕೆಲಸವೂ ಇಲ್ಲ, ತಪ್ಪು ನನ್ನದು ಎಂದೆ. ಅವರು ಗೋಡೆ ಕಡೆಯಿಂದ ತಿರುಗಿದರು.

“ಆಯಮ್ಮನ ಮಂಡೀಲಿ ಕೆಲಸ ಮಾಡಿದ್ರಾ ಅಜ್ಜಿ?”

“ಇಲ್ಲ ಕಣಮ್ಮ. ನಮ್ದು ಪಕ್ಕದ್ ಮಂಡಿ. ಯಾವ್ ಮಂಡಿ ಆದ್ರೇನು, ಎಲ್ಲಾ ಕಡೆ ಅದೇ ಚೊಂಬು.”

“ಒಂದು ಮಾತು ನನಗೆ ಹೇಳಬಾರದಿತ್ತಾ?”

ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

“ಹೇಳದೇನೈತೆ? ನೀವು ನೋಡ್ತಾನೇ ಇದ್ರಲ್ಲ. ನೋಡ್ಕಂಡು ನೋಡ್ಕಂಡು ಬರ್ಕಂತಿದ್ರಿ. ಗೊತ್ತಿದ್ದೇ ಮಾಡಿಸ್ತಾವ್ರೆ, ಇದೇ ಇಲ್ಲಿ ಔಸ್ದಿ ಅನ್ಕಂಡೆ. ನನ್ ಮಗ್ಳನ್ನ ಓದ್ಸಿ ಆ ನೆಲದ್ ಮ್ಯಾಲಿಂದ ಎದ್ದು ಬಂದಿದ್ದೆ ಕಣಮ್ಮ. ಮತ್ತೆ ಅಲ್ಲಿಗೇ ತಂದು ಕೂರಿಸಿದ್ರಿ.”

ಕ್ಷಮಿಸಿ ಎಂದೆ. “ಆಗ್ಲಿ ಬುಡಮ್ಮ,” ಎಂದರು. ಅದು ಕ್ಷಮೆಯೋ, ಮಾತು ಮುಗಿಸುವ ರೀತಿಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅವರು ಮತ್ತೆ ಎಲೆ ಅಡಿಕೆಗೆ ಹೋಗತೊಡಗಿದರು. ಬೀದಿಯ ಸುದ್ದಿ ಒಳಗೆ ಬಂತು. ಇನ್ನೊಮ್ಮೆ ನೆನಪಿನ ಪರೀಕ್ಷೆ ಮಾಡಿದಾಗ ಮೊದಲಿನಂತೆಯೇ ಉತ್ತರ ಹೇಳಿದರು. ಹೇಳಿ, “ಪಾಸಾದ್ನಾ?” ಎಂದು ಕಣ್ಣು ಮಿಟುಕಿಸಿದರು. ಆದರೆ ನಾನು ಹಾಕಿದ ಯಾವ ಮೇಜಿನ ಹತ್ತಿರವೂ ಅವರು ಮತ್ತೆ ಬರಲಿಲ್ಲ. ಕರೆದರೆ, “ಇನ್ನೊಂದಿನ ಬತ್ತೀನಿ,” ಎನ್ನುತ್ತಿದ್ದರು. ನಾನೂ ಒತ್ತಾಯ ಮಾಡಲಿಲ್ಲ.

ಮಂಡಿ ಅಮ್ಮನಿಗೆ ಇದೇನೂ ಗೊತ್ತಾಗಲಿಲ್ಲ. ಅವರಿಗೆ ಗೊತ್ತಾದದ್ದು ಇಷ್ಟೇ: ಮಂಡಿ ಮುಚ್ಚಿದೆ. ಮಧ್ಯಾಹ್ನವಾದರೆ ಬೀಗ ಹಾಕಿದ ಬಾಗಿಲನ್ನು ಬಡಿದು, “ಹೆಣ್ಣಾಳು ಇನ್ನೂ ಬಂದಿಲ್ಲ, ಬಾಗ್ಲು ತೆಗೀರಿ,” ಎಂದು ಕೂಗುತ್ತಿದ್ದರು. ಊಟ ಬಿಟ್ಟರು. ಕೈ ಮತ್ತೆ ಸೊಂಟದಲ್ಲಿ ಬೀಗದ ಕೈ ಹುಡುಕತೊಡಗಿತು. ಹಾಡು ಹಾಕಿದೆವು, ಹೂ ಕಟ್ಟಲು ಕೊಟ್ಟೆವು, ಸಂಜೆ ಸುತ್ತಾಡಿಸಿದೆವು. ಯಾವುದೂ ನಾಟಲಿಲ್ಲ. ಮಗ ಬಂದು, ಆ ಹುಣಸೆಹಣ್ಣು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದ. ಅವನಿಗೆ ಕಾರಣ ಹೇಳಿದೆ. ಅವನ ಮುಖ ಕೆಂಪಾಯಿತು. ತಲೆ ತಗ್ಗಿಸಿಕೊಂಡು ಹೋದ.

ಆಯಾಗಳಲ್ಲಿ ಯಾರಾದರೂ ಹಣ್ಣಿನ ಬುಟ್ಟಿ ಹಿಡಿದು ಮಂಡಿ ಅಮ್ಮನ ಎದುರು ನೆಲದ ಮೇಲೆ ಕೂರಲು ಆಗುತ್ತದೆಯೇ ಎಂದು ಮೇಲ್ವಿಚಾರಕಿ ವಿಚಾರಿಸಿದರಂತೆ. “ನಾವ್ಯಾಕೆ ಕೂತ್ಕಬೇಕು ಮೇಡಂ?” ಎಂದು ಒಬ್ಬಳು ನೇರವಾಗಿ ಕೇಳಿದಳಂತೆ. ಸರಿಯಾಗಿಯೇ ಕೇಳಿದ್ದಳು. ನನಗಿಂತ ಕಡಿಮೆ ಸಂಬಳದ ಯಾರನ್ನೂ ಅಲ್ಲಿ ಕೂರು ಎನ್ನಲು ನನಗೆ ಬಾಯಿರಲಿಲ್ಲ. ಹಾಗಾದರೆ ಉಳಿದವಳು ನಾನೊಬ್ಬಳೇ. ಈ ಸಲ ಯಾವ ಅಂಕವೂ ಇಲ್ಲ, ವಿಡಿಯೋ ಇಲ್ಲ, ಇದು ಸಂಶೋಧನೆಯ ಭಾಗವೇ ಅಲ್ಲ ಎಂದು ಮುಖ್ಯ ಸಂಶೋಧಕರಿಗೆ ತಿಳಿಸಿದೆ. ಆ ಹಳೆಯ ದರ್ಬಾರನ್ನು ಮಂಡಿ ಅಮ್ಮನಿಗೆ ಹೀಗೆ ಕಟ್ಟಿಕೊಡುವುದು ಸರಿಯೋ ತಪ್ಪೋ ಎಂದು ಅವರು ಕೇಳಿದರು. ನನಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಂಡಿ ಅಮ್ಮನನ್ನು ಹಿಂದಿನಿಂದ ಮುಂಬಾಗಿಲ ವರಾಂಡಕ್ಕೆ ಕರೆತಂದು ಕೂರಿಸಿ, ಹಣ್ಣಿನ ಬುಟ್ಟಿ ಹಿಡಿದು ಅವರ ಕುರ್ಚಿಯೆದುರು ನೆಲದ ಮೇಲೆ ಕೂತೆ. ಅವರ ಬೆನ್ನು ನೆಟ್ಟಗಾಯಿತು.

“ಹೊಸಬ್ಳಾ? ಎಲ್ಲಿಂದ ಬತ್ತೀಯ?”

“ಲೇಪಾಕ್ಷಿಯಿಂದ ಅಮ್ಮ.”

“ಏನೇ ಇದು, ನಾರು ಹಂಗೇ ಬಿಟ್ಟಿದ್ದೀಯ. ನಿಮ್ಮನೇಲಿ ಏನೂ ಕಲಿಸಿಲ್ವಾ ನಿಂಗೆ?”

ಇಲ್ಲ ಅಮ್ಮ ಎಂದೆ. ಉಗುರ ಸಂದಿಯಲ್ಲಿ ಹುಳಿ ಉರಿಯುತ್ತಿತ್ತು, ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಅವರು ಬೈಯುತ್ತ ಹೋದರು, ಹಾಗೆ ಬೈಯುತ್ತ ಬೈಯುತ್ತ ಶಾಂತವಾದರು. ದಾರಿಯಲ್ಲಿ ಓಡಾಡುವ ಆಯಾಗಳು ನನ್ನನ್ನು ನೋಡಿ ಬೇರೆ ಕಡೆ ಮುಖ ತಿರುಗಿಸಿದರು. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಬೆಳುಗುಪ್ಪದ ಅಜ್ಜಿ ಅವತ್ತು ಎರಡನೇ ಸಲ ಅಂಗಡಿಗೆ ಹೋಗಿದ್ದರು. ಎಲೆಯ ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದವರು ನಮ್ಮನ್ನು ನೋಡಿ ನಿಂತರು. ಸ್ವಲ್ಪ ಹೊತ್ತು ನಿಂತಿದ್ದು, ವರಾಂಡದ ಆ ತುದಿಯಲ್ಲಿದ್ದ ಕುರ್ಚಿಯನ್ನು ಎಳೆದುಕೊಂಡು ಕೂತರು. ಮಂಡಿ ಅಮ್ಮ ಅವರತ್ತ ನೋಡಲೂ ಇಲ್ಲ.

ಬುಟ್ಟಿ ಮುಗಿಯುವ ಹೊತ್ತಿಗೆ ಮಂಡಿ ಅಮ್ಮ ಎದ್ದು ಹೋಗಿ ಚೊಂಬು ತಂದರು. ನನ್ನ ಮುಂದೆ ನಿಂತರು. ಲೋಟ ಇರಲಿಲ್ಲ. ನಾನು ಎರಡೂ ಕೈ ಜೋಡಿಸಿ ಬಾಯಿಗೆ ಹಿಡಿದೆ. ನೀರು ಮೇಲಿನಿಂದ ಬಿತ್ತು, ತಣ್ಣಗೆ, ಜೋರಾಗಿ. ಅರ್ಧ ಬಾಯಿಗೆ ಹೋಯಿತು, ಅರ್ಧ ತೋಳಿನಗುಂಟ ಇಳಿದು ರವಿಕೆಯೊಳಗೆ ಹರಿಯಿತು. ಉಸಿರು ಸಿಕ್ಕಿಕೊಂಡು ಕೆಮ್ಮಿದೆ. ತಲೆಯೆತ್ತಲು ಆಗಲಿಲ್ಲ. ಹಾಗೆ ಕುಡಿಯುವಾಗ ತಲೆಯೆತ್ತುವ ಹಾಗಿಲ್ಲ ಎಂಬುದು ಆಗ ತಿಳಿಯಿತು.

ಕುರ್ಚಿಯಿಂದ ಬೆಳುಗುಪ್ಪದ ಅಜ್ಜಿಯ ದನಿ ಬಂತು. ಅದರಲ್ಲಿ ಕುಹಕವಿರಲಿಲ್ಲ. ಕೆಲಸಕ್ಕೆ ಹೊಸದಾಗಿ ಬಂದ ಹುಡುಗಿಗೆ ಹೇಳುವ ಹಾಗೆ ಹೇಳಿದರು.

“ಮೊಣಕೈ ಒಳಕ್ಕಿಟ್ಕ ಕಣಮ್ಮ. ಇಲ್ದಿದ್ರೆ ಮೈಯೆಲ್ಲಾ ನೆನೀತದೆ.”

ನಾನು ಮೊಣಕೈ ಒಳಕ್ಕೆ ತಂದುಕೊಂಡೆ.